‘ಬಾರೋ’ ಮತ್ತು ‘ಲೆಂಡ್’

ಮೈಸೂರಿನ ಅಗ್ರಹಾರದ ವಠಾರಗಳಲ್ಲಿ ಬೆಳೆದವರಿಗೆ ‘ಕಡ’ ಎಂಬ ಮಾತನ್ನು ವಿವರಿಸಬೇಕಾದುದಿಲ್ಲ. ಹೇಳದೆ ನೆಂಟರು ಬಂದರೆ ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆಯನ್ನು ಕಡ ತರುವುದು, ಮನೆಗೆ ಸಾಮಾನು ಬಂದೊಡನೆ ಅಷ್ಟೇ ಸಕ್ಕರೆಯನ್ನು ಅಳೆದು ಹಿಂದಿರುಗಿಸುವುದು ವಾಡಿಕೆಯಾಗಿತ್ತು. ಹಬ್ಬದಡಿಗೆಗೆಂದು ಕೊಳದಪ್ಪಲೆಯನ್ನು ತಂದರೆ ಅದು ಕಡವಲ್ಲ, ಎರವಲು; ತಂದ ಪಾತ್ರೆಯನ್ನೇ ಬೆಳಗಿ ಒಪ್ಪಿಸತಕ್ಕದ್ದು. ಹಣವಾದರೆ ಸಾಲ. ಪತ್ರವಿಲ್ಲದೆ ನಾಲ್ಕು ದಿನಗಳ ಮಟ್ಟಿಗೆ ಪಡೆದುದು ಕೈಗಡ.

ತಂದ ವಸ್ತುವಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವನ್ನು ತೋರುವ ನಮ್ಮ ನುಡಿಯು, ಕೊಟ್ಟವರಾರು ತಂದವರಾರು ಎಂಬುದಕ್ಕೆ ಪ್ರತ್ಯೇಕ ಧಾತುಗಳನ್ನಿಟ್ಟುಕೊಳ್ಳದೆ ‘ಎರವಲು ಕೊಡು’, ‘ಎರವಲು ತೆಗೆದುಕೊ’ ಎಂದು ಕೆಲಸ ಸಾಗಿಸುತ್ತದೆ. ಇಂಗ್ಲೀಷಿನ ರೀತಿ ಇದಕ್ಕೆ ತಿರುಗುಮುರುಗು. ಸಕ್ಕರೆಯಾಗಲಿ, ಪಾತ್ರೆಯಾಗಲಿ, ರೂಪಾಯಿಯಾಗಲಿ, ಪಡೆಯುವವನ ಕೆಲಸ ‘ಬಾರೋ’, ಕೊಡುವವನ ಕೆಲಸ ‘ಲೆಂಡ್’. ಇದನ್ನು ಗಮನಿಸದ ನಮ್ಮ ಮಕ್ಕಳು ‘ಬಾರೋ ಮಿ ಯುವರ್ ಪೆನ್’ ಎಂದುಬಿಡುತ್ತಾರೆ. ಹೇಳಬೇಕಾದುದು ‘ಲೆಂಡ್ ಮಿ ಯುವರ್ ಪೆನ್’.

ವ್ಯಾಕರಣದ ಭೇದವನ್ನು ನಮ್ಮ ವಿಭಕ್ತಿಗಳಿಂದಲೇ ತಿಳಿಯಬಹುದು. ‘ಬಾರೋ’ ಎಂಬುದಕ್ಕೆ ‘ಅವನಿಂದ’ ಎಂಬರ್ಥದ ‘ಫ್ರಮ್’ ಜೊತೆಯಾಗುತ್ತದೆ; ‘ಲೆಂಡ್’ ಎಂಬುದಕ್ಕೆ ‘ಅವನಿಗೆ’ ಎಂಬರ್ಥದ ‘ಟು’. ‘ಲೆಂಡ್’ ದ್ವಿಕರ್ಮಕವೂ ಆಗಬಲ್ಲುದರಿಂದ ಮೇಲಿನ ವಾಕ್ಯದಲ್ಲಿ ‘ಟು’ ಬಿಟ್ಟುಹೋಗಿದೆ. ‘ಬಾರೋ’ ಎಂಬುದಕ್ಕೆ ಆ ಸೌಕರ್ಯವಿಲ್ಲ. ಭೂತಕಾಲದಲ್ಲಿ ಅದು ‘ಬಾರೋಡ್’, ಇದು ‘ಲೆಂಟ್’. ಇಷ್ಟಾದರೂ ಗೊಂದಲವಾಗುವ ಬಾಲಕನಿಗೆ ನಮ್ಮ ಕನ್ನಡದ ‘ಬಾರೋ’ ಎಂಬ ಕರೆಯನ್ನೇ ನೆನಪಿಸಬಹುದು: ‘ಬಾರೋ’ ಎಂದರೆ ವಸ್ತುವು ನನ್ನ ಕಡೆಗೆ ಬರುತ್ತದೆ!

ಈ ತೊಡಕು ನಮ್ಮದೊಂದೇ ಅಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತೃ ಕಿಟ್ಟೆಲರ ತಾಯ್ನುಡಿಯಾದ ಜರ್ಮನ್ ಭಾಷೆಯಲ್ಲಿ ‘ಲೈಯೆನ್’ ಎಂಬ ಒಂದೇ ಕ್ರಿಯಾಪದವು ಕೊಡುವುದಕ್ಕೂ ಪಡೆಯುವುದಕ್ಕೂ ಸಲ್ಲುತ್ತದೆ.

‘ಬಾರೋ’ ಎಂಬುದರ ಮೂಲವಾದ ಹಳೆಯ ಇಂಗ್ಲೀಷಿನ ‘ಬೋರ್ಗ್’ ಎಂಬ ಪದಕ್ಕೆ ಹೊಣೆ, ಜಾಮೀನು ಎಂದರ್ಥ. ಬ್ಯಾಂಕಿನ ಸಾಲಪತ್ರಗಳಲ್ಲಿ ಇಂದು ಆ ಇಬ್ಬರೂ ಬೇರೆ ಬೇರೆ: ‘ಬಾರೋಯರ್’ ಎಂಬವನು ಸಾಲಗಾರ, ‘ಲೆಂಡರ್’ ಎಂದರೆ ಬ್ಯಾಂಕು, ‘ಗ್ಯಾರಂಟರ್’ ಎಂಬವನು ಜಾಮೀನುದಾರ. ಸಾಲಗಾರನು ತಪ್ಪಿದರೆ ತೆರಬೇಕಾದವನು ಈ ಮೂರನೆಯವನು. ನೆಂಟರ ದಾಕ್ಷಿಣ್ಯಕ್ಕೆ ರುಜು ಹಾಕಲು ಹೊರಟ ಗೃಹಸ್ಥರು ತಮ್ಮ ಹೆಸರು ಯಾವ ಪದದ ಕೆಳಗಿದೆಯೆಂಬುದನ್ನು ಮೊದಲು ಓದಿಕೊಳ್ಳುವುದು ಲೇಸು.