ನಾಗರಖಂಡದ ಎಪ್ಪತ್ತು

ಶಿಕಾರಿಪುರ, ಸೊರಬ ಸೀಮೆಯ ಶಾಸನಗಳನ್ನು ಓದುವವರಿಗೆ ನಾಡುಗಳ ಹೆಸರಿನಷ್ಟೇ ಅವುಗಳಿಗಂಟಿದ ಸಂಖ್ಯೆಗಳೂ ಪರಿಚಿತವಾದುವು. ಬಳ್ಳಿಗಾವೆಯನ್ನು ರಾಜಧಾನಿಯಾಗುಳ್ಳ ಬನವಾಸಿ ನಾಡು ಪನ್ನಿರ್ಚ್ಛಾಸಿರ, ಎಂದರೆ 12,000. ಅದರೊಳಗೆ ಬಂದಳಿಕೆಯ ನಾಗರಖಂಡ 70. ಸೊರಬದ ಉದ್ರಿಯ ಕಡೆಯ ಜಿಡ್ಡುಳಿಗೆಯೂ 70. ಈ ಅಂಕೆಗಳು ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂಬಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಹನ್ನೆರಡು ಸಾವಿರದ ಮಾತು ಹೇಗೇ ಇರಲಿ, ಎಪ್ಪತ್ತೆಂಬುದು ಹಳ್ಳಿಗಳ ಲೆಕ್ಕವೇ ಇದ್ದೀತೆಂದು ನನ್ನ ಎಣಿಕೆ.

ರಾಷ್ಟ್ರಕೂಟರ ಕಾಲದಲ್ಲಿ, 10ನೆಯ ಶತಮಾನದ ಆದಿಭಾಗದಲ್ಲಿ, ಪತಿಯು ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಪದವಿಯನ್ನು ವಹಿಸಿಕೊಂಡು ಆಳಿದವಳು ಜಕ್ಕಿಯಬ್ಬೆ. ಕಡೆಗೆ ವ್ಯಾಧಿಗ್ರಸ್ತಳಾಗಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತೊರೆದಳು. ಆಕೆ ಆಳಿದ ಸಂಖ್ಯೆಗೆ ತನ್ನದೇ ಆದ ಒಂದು ಹಟಮಾರಿ ಸ್ವಭಾವವುಂಟೆಂಬುದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಗಣಿತದ ಅಧ್ಯಾಪಕರು.

ಎಪ್ಪತ್ತನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಕಿರಿದಾದ ಸಂಖ್ಯೆಗಳು ಏಳು: 1, 2, 5, 7, 10, 14, 35. ಇವೆಲ್ಲವನ್ನೂ ಕೂಡಿದರೆ 74. ಬೇಕಾದುದಕ್ಕಿಂತ ನಾಲ್ಕು ಹೆಚ್ಚು. ಕೆಲವನ್ನು ಬಿಟ್ಟು ಸರಿಯಾಗಿ ಎಪ್ಪತ್ತು ಮಾಡಬೇಕಾದರೆ, ಬಿಟ್ಟವುಗಳ ಮೊತ್ತ ನಾಲ್ಕಾಗಬೇಕು. ಒಂದು ಮತ್ತು ಎರಡು ಸೇರಿದರೆ ಮೂರೇ, ಅದರಾಚೆಗಿನದು ಐದು. ಎಂದಮೇಲೆ ಸಾಧ್ಯವೇ ಇಲ್ಲ! ಕೈಯಲ್ಲಿ ಹಣ ಹೆಚ್ಚೇ ಇದೆ, ಸರಿಯಾದ ಚಿಲ್ಲರೆ ಮಾತ್ರ ಹೊರಡದು. ಹನ್ನೆರಡನ್ನು ನೋಡಿ: ಅದರ ಭಾಜಕಗಳು 1, 2, 3, 4, 6, ಮೊತ್ತ 16, ಅಲ್ಲಿಯೂ ನಾಲ್ಕೇ ಹೆಚ್ಚು. ಆದರೆ ಆ ನಾಲ್ಕು ಸಾಲಿನೊಳಗೇ ಇದೆ; ತೆಗೆದಿಟ್ಟರೆ ಲೆಕ್ಕ ಸರಿಹೋಯಿತು. ಎಪ್ಪತ್ತರಂತಹವುಗಳಿಗೆ ಅಮೆರಿಕದ ಬೆಂಕೋಸ್ಕಿ 1972ರಲ್ಲಿ ಇಟ್ಟ ಹೆಸರು ‘ವಿಚಿತ್ರ ಸಂಖ್ಯೆ’ ಎಂಬರ್ಥದ್ದು. ಇವುಗಳಲ್ಲಿ ಅತಿ ಕಿರಿಯದೇ ಎಪ್ಪತ್ತು. ಅದರ ಮುಂದಿನದು 836. ಬೆಸ ಸಂಖ್ಯೆಯೊಂದು ಈ ಗುಂಪಿನಲ್ಲಿ ಇದುವರೆಗೆ ಸಿಕ್ಕಿಲ್ಲ; ಇರಲಾರದೆಂದು ಸಾಧಿಸಿದವರೂ ಇಲ್ಲ.

ಇನ್ನೊಂದು ಸೋಜಿಗ. ಒಂದರಿಂದ ಇಪ್ಪತ್ತನಾಲ್ಕರವರೆಗಿನ ಸಂಖ್ಯೆಗಳ ವರ್ಗಗಳನ್ನು ಕೂಡಿದರೆ 4,900, ಅದು ಎಪ್ಪತ್ತರ ವರ್ಗ. ಹೀಗೆ ಕೂಡಿ ಪೂರ್ಣ ವರ್ಗವನ್ನು ಪಡೆಯುವುದು, ಒಂದನ್ನು ಬಿಟ್ಟರೆ, ಇಪ್ಪತ್ತನಾಲ್ಕರಲ್ಲಿ ಮಾತ್ರ. ಫ್ರಾನ್ಸಿನ ಲ್ಯೂಕಾ 1875ರಲ್ಲಿ ಎತ್ತಿದ ಈ ಪ್ರಶ್ನೆಯನ್ನು 1918ರಲ್ಲಿ ವಾಟ್ಸನ್ ಪೂರ್ತಿಯಾಗಿ ಬಿಡಿಸಿದನು.

ಇದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬನು ಎದ್ದು, “ತೀರ್ಥಂಕರರೂ ಇಪ್ಪತ್ತನಾಲ್ವರು, ಬಂದಳಿಕೆಯಲ್ಲಿ ಬಸದಿಯೂ ಇದೆ, ಹಿಂದಿನವರು ತಿಳಿದೇ ಎಪ್ಪತ್ತೆಂದಿರಬೇಕಲ್ಲವೆ, ಸಾರ್?” ಎಂದನು. ಅವನ ಉತ್ಸಾಹ ನನಗೆ ಪ್ರಿಯವಾಯಿತು, ವಾದವಲ್ಲ. ವರ್ಗಗಳ ಮೊತ್ತವನ್ನು ಕಾಣುವ ಸೂತ್ರ ಆರ್ಯಭಟನಿಗೂ, ನೃಪತುಂಗನ ಕಾಲದ ಮಹಾವೀರಾಚಾರ್ಯನಿಗೂ ಚೆನ್ನಾಗಿ ಗೊತ್ತಿತ್ತು. ಅವರ ಹಿರಿಮೆಗೆ ಅಷ್ಟು ಸಾಲದೆ? ನಾಡಿನ ಗಡಿಯನ್ನು ಎಳೆದವರು ಹಳ್ಳಿಗಳನ್ನು ಎಣಿಸಿದರೇ ಹೊರತು ಭಾಜಕಗಳನ್ನಲ್ಲ. ಕಾಕತಾಳೀಯವನ್ನು ಜ್ಞಾನವೆಂದು ಕರೆದರೆ ನಿಜವಾದ ಜ್ಞಾನಕ್ಕೇ ಅಪಚಾರ.

ಆ ಹುಡುಗನ ಮರುಪ್ರಶ್ನೆ ಇನ್ನೂ ಚೆನ್ನಾಗಿತ್ತು: ನಾಗರಖಂಡವನ್ನೂ ಜಿಡ್ಡುಳಿಗೆಯನ್ನೂ ಒಂದುಗೂಡಿಸಿದರೆ? 140ರ ಭಾಜಕಗಳನ್ನು ಕಪ್ಪುಹಲಗೆಯ ಮೇಲೆ ಬರೆದೆವು. ಮೊತ್ತ 196, ಹೆಚ್ಚಾದುದು 56. ಅದು 28, 14, 10, 4ರಲ್ಲಿ ಸಲೀಸಾಗಿ ಕಳೆದುಹೋಯಿತು. ಉಳಿದವು 70, 35, 20, 7, 5, 2, 1. ಕೂಡಿದರೆ ಸರಿಯಾಗಿ ನೂರ ನಲವತ್ತು.