ದನಿಯ ಒಡೆಯ ಯಾರು?

ಕೆಲವು ವಾರಗಳ ಹಿಂದೆ ವಾಳೆಯ ಪ್ರಾರ್ಥನಾಕೂಟ ಮುಗಿದ ಬಳಿಕ ಕಾಪು ಕಡೆಯ ತಾಯಿಯೊಬ್ಬರು ಒಂದು ನೋಟುಪುಸ್ತಕವನ್ನು ನನ್ನ ಕೈಗಿತ್ತರು. ಮಣಿಪಾಲದಲ್ಲಿ ಓದುತ್ತಿರುವ ಮಗನ ಪುಸ್ತಕ ಅದು. “ಫಾದರ್, ಪಾಠದ್ದೆಂದು ತೆರೆದು ನೋಡಿದರೆ ಪುಸ್ತಕದ ತುಂಬ ಇದೇ. ಹಾಡೆನ್ನಲು ರಾಗವಿಲ್ಲ, ಪದ್ಯವೆನ್ನಲು ನನಗೆ ಅರ್ಥವಾಗುವುದಿಲ್ಲ. ಮುಂಬಯಿಯ ಡಿವೈನ್‌ನ ಹಾಗೆ ಆಗುತ್ತಾನಂತೆ. ನೀವೇ ಅವನಿಗೊಂದು ಮಾತು ಹೇಳಬೇಕು” ಎಂದರು. ಓದಿ ಹೇಳುತ್ತೇನೆಂದು ಮಾತು ಕೊಟ್ಟೆ. ಆದರೆ ಹುಡುಗನನ್ನು ತಿದ್ದುವ ಮುನ್ನ ಅವನು ಮೆಚ್ಚಿದವನು ಯಾರೆಂದು ತಿಳಿಯುವುದು ನ್ಯಾಯವೆನಿಸಿತು. ತಿಳಿದುದನ್ನು ನಮ್ಮ ಕುಟುಂಬಗಳ ಮುಂದಿಡುತ್ತಿದ್ದೇನೆ.

ಹಿಪ್ ಹಾಪ್ ಹುಟ್ಟಿದ್ದು ಬಡವರ ಕೇರಿಯಲ್ಲಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ವಸತಿ ಕಟ್ಟಡವೊಂದರಲ್ಲಿ ನಡೆದ ಕೂಟವನ್ನು ಅದರ ಜನ್ಮದಿನವೆಂದು ಎಣಿಸುತ್ತಾರೆ. ಅಂದು ಸಂಗೀತ ನುಡಿಸಿದವನು ಜಮೈಕಾ ಮೂಲದ ಹದಿನೆಂಟರ ಯುವಕ ಕ್ಲೈವ್ ಕ್ಯಾಂಪ್‌ಬೆಲ್, ಜನ ಕರೆದಂತೆ ಡಿ.ಜೆ. ಕೂಲ್ ಹರ್ಕ್. ಹಾಡಿನ ನಡುವೆ ಬರುವ ಬರಿಯ ತಾಳದ ಭಾಗವನ್ನು ಎರಡು ಗ್ರಾಮಫೋನುಗಳ ನೆರವಿನಿಂದ ಎಡೆಬಿಡದೆ ಮುಂದುವರಿಸುವ ಉಪಾಯ ಅವನದು. ಅಂಥ ತಾಳದ ಮೇಲೆ ಪ್ರಾಸಬದ್ಧವಾಗಿ ಆಡುವ ಮಾತೇ ರ್‍ಯಾಪ್. ತಾಳಮದ್ದಳೆಯ ಅರ್ಥಧಾರಿ ನಿಂತ ನಿಲುವಿನಲ್ಲೇ ಮಾತು ಹೆಣೆಯುವುದನ್ನು ಕೇಳಿ ಬೆಳೆದ ನಮ್ಮ ಕರಾವಳಿಗೆ ಇದು ತೀರ ಪರಕೀಯವಾಗಬೇಕಿಲ್ಲ.

ಡಿವೈನ್ ಅವರ ನಿಜನಾಮ ವಿವಿಯನ್ ಫರ್ನಾಂಡಿಸ್. ಜನನ 1990ರಲ್ಲಿ, ಮುಂಬಯಿಯ ಕ್ರೈಸ್ತ ಕುಟುಂಬದಲ್ಲಿ. ಬೆಳೆದುದು ಅಂಧೇರಿಯ ಜೆ.ಬಿ. ನಗರದ ಗಲ್ಲಿಗಳಲ್ಲಿ. ತಾಯಿ ದುಡಿಮೆಗಾಗಿ ವಿದೇಶಕ್ಕೆ ತೆರಳಿದುದರಿಂದ ಅಜ್ಜಿಯೇ ಆಸರೆಯಾದರು. ಕೊಲ್ಲಿ ರಾಷ್ಟ್ರಗಳ ಹಣದಿಂದ ಮನೆ ಕಟ್ಟಿದ ನಮ್ಮ ಊರುಗಳಿಗೆ ಅಂಥ ಬಾಲ್ಯವನ್ನು ವಿವರಿಸಿ ಹೇಳಬೇಕಿಲ್ಲ. ಶಾಲೆಯಲ್ಲಿ ಸಹಪಾಠಿಯೊಬ್ಬನು ತೊಟ್ಟಿದ್ದ ಟೀ ಶರ್ಟಿನ ಮೇಲೆ 50 ಸೆಂಟ್ ಎಂಬ ಅಮೆರಿಕನ್ ಗಾಯಕನನ್ನು ಕಂಡು ಅವರಿಗೆ ಕುತೂಹಲ ಹುಟ್ಟಿತು. ಆ ಗೆಳೆಯನ ಮೂಲಕವೇ ರ್‍ಯಾಪಿನ ಪರಿಚಯವಾಯಿತು. ಮೊದಮೊದಲು ಬರೆದುದು ಇಂಗ್ಲಿಷಿನಲ್ಲಿ. ಅವುಗಳಲ್ಲಿ ಕ್ರೈಸ್ತ ವಿಶ್ವಾಸದ ಗೀತೆಗಳೂ ಇದ್ದವು.

ಲೋಕ ಕಿವಿಗೊಟ್ಟದ್ದು ಅವರು ತಮ್ಮ ಗಲ್ಲಿಯ ಹಿಂದಿಗೆ ಮರಳಿದಾಗ. 2013ರಲ್ಲಿ ‘ಯೇ ಮೇರಾ ಬಾಂಬೇ’ ಬಂತು. 2015ರಲ್ಲಿ ಕುರ್ಲಾದ ನೇಜಿ ಎಂಬ ಮುಸ್ಲಿಂ ಯುವಕನೊಡನೆ ‘ಮೇರೇ ಗಲ್ಲೀ ಮೇಂ’ ಬಂತು. ಈ ಇಬ್ಬರ ಬದುಕಿನಿಂದ ಪ್ರೇರಿತವಾದ, ಜೋಯಾ ಅಖ್ತರ್ ನಿರ್ದೇಶನದ ‘ಗಲ್ಲೀ ಬಾಯ್’ ಚಿತ್ರ 2019ರಲ್ಲಿ ತೆರೆಕಂಡಿತು. ನಮ್ಮ ರಾಜ್ಯದಲ್ಲಿಯೂ ಇಂಥವರಿದ್ದಾರೆ. ಬೆಂಗಳೂರಿನ ವಿಘ್ನೇಶ್ ಶಿವಾನಂದ್, ‘ಬ್ರೋಧಾ ವಿ’ ಎಂಬ ಹೆಸರಿನಲ್ಲಿ, 2012ರ ‘ಆತ್ಮರಾಮ’ದಲ್ಲಿ ತಾನು ಕೇಳಿ ಬೆಳೆದ ರಾಮಸ್ತುತಿಯನ್ನು ರ್‍ಯಾಪಿನೊಡನೆ ಬೆಸೆದರು. ಎರವಲು ದನಿ ಬಿಟ್ಟು ಸ್ವಂತ ದನಿ ಹಿಡಿದಾಗಲೇ ಇಬ್ಬರಿಗೂ ಮನ್ನಣೆ ದೊರೆತದ್ದು ಆಕಸ್ಮಿಕವಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಡಿವೈನ್ ಅವರ ಮುಂದಿನ ಹೆಜ್ಜೆ. ಅಲ್ಲಿಯವರೆಗೆ ಸೋನಿಯಂಥ ದೊಡ್ಡ ಸಂಸ್ಥೆಯ ಮೂಲಕ ಹಾಡುತ್ತಿದ್ದ ಅವರು 2019ರಲ್ಲಿ ‘ಗಲ್ಲೀ ಗ್ಯಾಂಗ್’ ಎಂಬ ಸ್ವಂತ ಸಂಸ್ಥೆ ಸ್ಥಾಪಿಸಿದರು. ಅವರ ಮೊದಲ ಆಲ್ಬಮ್ ‘ಕೊಹಿನೂರ್’ ಅದೇ ವರ್ಷ ಹೊರಬಂತು. ಧಾರಾವಿಯ ಎಂ.ಸಿ. ಅಲ್ತಾಫ್‌ರಂಥ ಕಿರಿಯರಿಗೂ ಆ ಸಂಸ್ಥೆ ನೆರಳಾಯಿತು.

ಇದರ ಮಹತ್ವವನ್ನು ನಮ್ಮ ಹಿರಿಯರು ಬೇಗ ಗ್ರಹಿಸಿಯಾರು. ಗೇಣಿಯ ಕಾಲದಲ್ಲಿ ಉಳುವವನು ಒಕ್ಕಲು, ಭೂಮಿ ಧಣಿಯದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದಾಗಿ ಡಿಕ್ಲರೇಶನ್ ಕೊಟ್ಟು ತಾವು ಉಳುತ್ತಿದ್ದ ಗದ್ದೆಯ ಒಡೆಯರಾದವರು ಕಾರ್ಕಳ, ಉಡುಪಿ ಕಡೆಗಳಲ್ಲಿ ಎಷ್ಟೋ ಮಂದಿ. ಸಂಗೀತಲೋಕದಲ್ಲಿಯೂ ಮೂಲ ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಹಣ ಹೂಡಿದ ಕಂಪೆನಿಯದು; ಹಾಡಿದವನು ಪಾಲು ಪಡೆಯುವ ಒಕ್ಕಲು. 2012ರಲ್ಲಿ ನಮ್ಮ ಸಂಸತ್ತು ಕೃತಿಸ್ವಾಮ್ಯ ಕಾಯಿದೆಯನ್ನು ತಿದ್ದಿ, ಚಲನಚಿತ್ರ ಮತ್ತು ಧ್ವನಿಮುದ್ರಿಕೆಗಳಲ್ಲಿ ಬಳಕೆಯಾದ ಸಾಹಿತ್ಯ ಹಾಗೂ ಸಂಗೀತದ ಕರ್ತೃಗಳು ಗೌರವಧನದ ಹಕ್ಕನ್ನು ಕಂಪೆನಿಗೆ ಪೂರ್ತಿಯಾಗಿ ಬರೆದುಕೊಡುವಂತಿಲ್ಲವೆಂದು ವಿಧಿಸಿತು. ಸ್ವಂತ ಸಂಸ್ಥೆ ಕಟ್ಟುವುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಆದರೆ ಗದ್ದೆ ನಮ್ಮದಾದ ಮೇಲೆ ಬೀಜ, ಗೊಬ್ಬರ, ಮಳೆ ಕೈಕೊಟ್ಟ ವರ್ಷದ ನಷ್ಟ, ಎಲ್ಲವೂ ನಮ್ಮದೇ. ಗಲ್ಲೀ ಗ್ಯಾಂಗ್ ಕೂಡ ಒಂಟಿಯಾಗಿ ನಿಲ್ಲಲಿಲ್ಲ. ‘ಕೊಹಿನೂರ್’ ಹೊರತರಲು ಮಾಸ್ ಅಪೀಲ್ ಇಂಡಿಯಾ ಎಂಬ ಸಂಸ್ಥೆಯ ಕೈಹಿಡಿಯಿತು.

ಒಡೆತನದೊಡನೆ ಬರುವ ಇನ್ನೊಂದು ಹೊಣೆ ಹಣದ್ದಲ್ಲ, ಮಾತಿನದು. ರ್‍ಯಾಪಿನಲ್ಲಿ ಬೈಗುಳವಿದೆ, ಹೆಣ್ಣನ್ನು ಹಗುರಗೊಳಿಸುವ, ಹಿಂಸೆಯನ್ನು ಮೆರೆಸುವ ಸಾಲುಗಳಿವೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಧಣಿ ಹೇಳಿದಂತೆ ಹಾಡಿದೆನೆಂದು ಒಕ್ಕಲು ನೆಪ ಹೇಳಬಹುದು. ಒಡೆಯನಿಗೆ ಆ ನೆಪವಿಲ್ಲ. ತನ್ನ ದನಿಗೆ ತಾನೇ ಯಜಮಾನನಾದವನು ಅದರ ಪ್ರತಿಯೊಂದು ಅಕ್ಷರಕ್ಕೂ ಉತ್ತರ ಹೇಳಬೇಕು. 2020ರ ತಮ್ಮ ಆಲ್ಬಮಿಗೆ ಡಿವೈನ್ ‘ಪುಣ್ಯ ಪಾಪ್’ ಎಂದು ಹೆಸರಿಟ್ಟರು. ಒಬ್ಬನೇ ಮನುಷ್ಯನೊಳಗೆ ಪುಣ್ಯಪಾಪಗಳೆರಡೂ ವಾಸಿಸುತ್ತವೆಯೆಂಬುದು ನಾವು ಅರಿಯದ ವಿಷಯವಲ್ಲ.

ವಾಕ್ಚಾತುರ್ಯ ಕಲಿಸಿ ಜೀವಿಸುತ್ತಿದ್ದ ಸಂತ ಅಗಸ್ಟಿನರು ಆ ವೃತ್ತಿ ಮಾತಿನ ಮಾರಾಟವೆಂದು ಬಗೆದು ಅದನ್ನು ತ್ಯಜಿಸಿದರು. ಆದರೆ ಮಾತನ್ನು ತ್ಯಜಿಸಲಿಲ್ಲ. ಹಿಪ್ಪೋ ನಗರದಲ್ಲಿ ಯಾಜಕರಾಗಿದ್ದಾಗ, ಸುಮಾರು 393ರಲ್ಲಿ, ಡೊನಾಟಿಸ್ಟ್ ಪಂಗಡದೊಡನೆ ಇದ್ದ ವಿವಾದವನ್ನು ಅಕ್ಷರ ಬಾರದವರಿಗೂ ತಿಳಿಸಲು ಒಂದು ಹಾಡು ಕಟ್ಟಿದರು. ಪಂಡಿತರ ಛಂದಸ್ಸನ್ನು ಬೇಕೆಂದೇ ಬದಿಗಿಟ್ಟು, ಸಾಲು ಸಾಲಿನ ಕೊನೆಗೂ ಒಂದೇ ಸ್ವರದ ಪ್ರಾಸವಿಟ್ಟರು. ಆದುದರಿಂದ ಪ್ರಾಸವನ್ನೂ ತಾಳವನ್ನೂ ದೂರುವುದರಲ್ಲಿ ಅರ್ಥವಿಲ್ಲ. ಆಡುವವನು ಮಾತು ಮಾರುತ್ತಿದ್ದಾನೆಯೇ, ಇಲ್ಲವೇ ಮಾತಿಗೆ ಬದ್ಧನಾಗಿದ್ದಾನೆಯೇ ಎಂಬುದನ್ನಷ್ಟೇ ನಾವು ಕೇಳಬೇಕು.

ಇನ್ನು ಆ ನೋಟುಪುಸ್ತಕ. ತಾಯಿ ಮಗ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೊದಲ ಪುಟಗಳ ತುಂಬ ಅವನೆಂದೂ ಕಾಣದ ಪಿಸ್ತೂಲು, ಕಾರು, ಬೈಗುಳ. ನಡುವಿನ ಒಂದು ಪುಟ ಮಾತ್ರ ಬೇರೆಯಾಗಿತ್ತು. ಎರಡು ವರ್ಷಗಳಿಂದ ಮನೆಗೆ ಬಾರದೆ ಕೊಲ್ಲಿಯಲ್ಲಿ ದುಡಿಯುತ್ತಿರುವ ತಂದೆ, ಶುಕ್ರವಾರದ ದೂರವಾಣಿ ಕರೆ, ಆ ಕರೆಯಲ್ಲಿ ಮೂವರೂ ಆಡುವ “ಚೆನ್ನಾಗಿದ್ದೇವೆ” ಎಂಬ ಸುಳ್ಳು. ಹುಡುಗನನ್ನು ಕರೆಸಿ, “ಮಗಾ, ಆ ಮೊದಲ ಪುಟಗಳು ಗೇಣಿಯ ಗದ್ದೆ. ಇದೊಂದು ಪುಟ ನಿನ್ನ ಸ್ವಂತದ್ದು” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮ ಓದಿದ್ದಾರೆಯೇ ಫಾದರ್?” ಎಂದು ಕೇಳಿದ.

ಅವರು ಓದಿರಲಿಲ್ಲ. ಪುಸ್ತಕವನ್ನು ಅವನ ಕೈಗೇ ಕೊಟ್ಟು, ನೀನೇ ಓದಿ ಕೇಳಿಸೆಂದು ಕಳುಹಿಸಿದೆ. ಮರುವಾರ ಆ ತಾಯಿ ಬಂದು, “ಎಲ್ಲವೂ ಅರ್ಥವಾಯಿತು ಫಾದರ್” ಎಂದಷ್ಟೇ ಹೇಳಿದರು. ಬರುವ ಶುಕ್ರವಾರ ತಂದೆಗೂ ಅದನ್ನು ಓದಿ ಹೇಳುವುದೆಂದು ಮನೆಯಲ್ಲಿ ನಿಶ್ಚಯವಾಗಿದೆಯಂತೆ.