ಯಂತ್ರದ ಮೇಜು ಎಲ್ಲಿ ನಿಲ್ಲಬೇಕು?

ಲೋಹ ಕತ್ತರಿಸುವ ಯಂತ್ರವೊಂದು ಕೆಲಸದಲ್ಲಿ ತೊಡಗಿರುವಾಗ ಎಲ್ಲರ ಎಚ್ಚರವೂ ಅದರ ಮೇಲಿರುತ್ತದೆ. ಅದು ಕೆಲಸ ಮುಗಿಸಿ ನಿಂತಿತೆಂದರೆ ಎಚ್ಚರವೂ ಸಡಿಲವಾಗುತ್ತದೆ. ಆದರೆ ಮನುಷ್ಯನ ಕೈ ಯಂತ್ರದೊಳಕ್ಕೆ ಹೋಗುವುದು ಆಗಲೇ. ಸಿದ್ಧವಾದ ಜಾಬನ್ನು ಬಿಚ್ಚಲು, ಲೋಹದ ಚೂರುಗಳನ್ನು ಗುಡಿಸಲು, ಹೊಸ ತುಂಡನ್ನು ಬಿಗಿಯಲು ಆಪರೇಟರ್ ಬಾಗಿಲು ಸರಿಸಿ ಒಳಕ್ಕೆ ಬಾಗುತ್ತಾನೆ. ಆ ಗಳಿಗೆಯಲ್ಲಿ ಹರಿತವಾದ ಕಟ್ಟರ್ ಅವನ ಕೈಯಿಂದ ಎಷ್ಟು ದೂರವಿರಬೇಕು, ಮೇಜು ಎಲ್ಲಿ ನಿಂತಿರಬೇಕು ಎಂಬುದೇ ಇಂದಿನ ಮಾತಿನ ವಿಷಯ.

ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಅದರ ಮರುವರ್ಷವೇ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಇಂದು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿಯೂ ಗಣಕದ ನಿಯಂತ್ರಣಕ್ಕೊಳಪಟ್ಟ ಸಿ.ಎನ್.ಸಿ. ಯಂತ್ರಗಳು ಸಾಮಾನ್ಯ ನೋಟವಾಗಿವೆ. ಇವುಗಳ ಲಂಬ ಬಗೆಯಲ್ಲಿ ಮೇಜು ಎಡಬಲಕ್ಕೆ ಸರಿಯುವುದನ್ನು ಎಕ್ಸ್ ಎಂದೂ, ಹಿಂದುಮುಂದಾಗುವುದನ್ನು ವೈ ಎಂದೂ, ಕಟ್ಟರನ್ನು ಹಿಡಿದ ಸ್ಪಿಂಡಲ್ ಮೇಲೆ ಕೆಳಗೆ ಚಲಿಸುವುದನ್ನು ಝಡ್ ಎಂದೂ ಕರೆಯುತ್ತಾರೆ.

ಇಂತಹ ಯಂತ್ರ ಕತ್ತರಿಸದೆ ಸುಮ್ಮನೆ ಸರಿಯುವಾಗಿನ ವೇಗ ನಿಮಿಷಕ್ಕೆ 24 ಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 40 ಸೆಂಟಿಮೀಟರ್. ಅಪಾಯವನ್ನು ಕಂಡು ಗುಂಡಿ ಒತ್ತುವಷ್ಟರಲ್ಲಿ ಕಾಲು ಸೆಕೆಂಡು ಕಳೆದರೂ ಮೇಜು 10 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆದುದರಿಂದ ಸುರಕ್ಷತೆಯನ್ನು ಕಣ್ಣಿನ ಚುರುಕುತನಕ್ಕೆ ಒಪ್ಪಿಸಲಾಗದು. ಅದು ಪ್ರೋಗ್ರಾಮಿನಲ್ಲಿಯೇ ಇರಬೇಕು.

ಯಂತ್ರಕ್ಕೆ ಎರಡು ಬಗೆಯ ಅಳತೆಗಳುಂಟು. ಒಂದು, ಯಂತ್ರದ ಸ್ವಂತ ಸೊನ್ನೆಯಿಂದ ಎಣಿಸುವುದು, ಇದು ಬದಲಾಗುವುದಿಲ್ಲ. ಇನ್ನೊಂದು, ಜಾಬಿನ ಮೂಲೆಯಿಂದಲೋ ನಡುವಿನಿಂದಲೋ ಎಣಿಸುವುದು. ಇದು ಜಾಬು ಬದಲಾದಂತೆ ಬದಲಾಗುತ್ತದೆ. ಊರ ಗುಡಿಯ ಗರುಡಗಂಬದಿಂದ ನೂರು ಹೆಜ್ಜೆ ಎಂದರೆ ಆ ಜಾಗ ಎಂದಿಗೂ ಒಂದೇ. ನಾನಿರುವ ಬಾಡಿಗೆ ಮನೆಯಿಂದ ನೂರು ಹೆಜ್ಜೆ ಎಂದರೆ, ಮನೆ ಬದಲಿಸಿದ ದಿನ ಆ ಜಾಗ ಬಾವಿಯೇ ಆಗಿರಬಹುದು. ಮೇಜಿನ ನಿಲುಗಡೆಯನ್ನು ಜಾಬಿನ ಅಳತೆಯಲ್ಲಿ ಬರೆದರೆ ಇದೇ ಗತಿ. ನಿನ್ನೆ ಸರಿಯಾಗಿ ನಿಂತ ಮೇಜು, ಇಂದು ವೈಸನ್ನು ಬೇರೆಡೆ ಬಿಗಿದ ಮಾತ್ರಕ್ಕೆ ಚಲನೆಯ ಎಲ್ಲೆಯನ್ನು ಮೀರಹೊರಡುತ್ತದೆ, ಇಲ್ಲವೇ ಕಟ್ಟರಿನ ಕೆಳಗೇ ನಿಲ್ಲುತ್ತದೆ. ಆದುದರಿಂದ ನಿಲುಗಡೆಯನ್ನು ಯಂತ್ರದ ಅಳತೆಯಲ್ಲಿಯೇ ಹೇಳಬೇಕು. ಬಹಳಷ್ಟು ನಿಯಂತ್ರಕಗಳಲ್ಲಿ ಇದಕ್ಕಾಗಿ ಜಿ 53 ಎಂಬ ಆಜ್ಞೆಯಿದೆ. ಇದರ ಪ್ರಭಾವ ಒಂದೇ ಸಾಲಿಗೆ ಸೀಮಿತ. ಪ್ರತಿ ಸಾಲಿನಲ್ಲಿಯೂ ಮತ್ತೆ ಬರೆಯಬೇಕು.

ಎರಡನೆಯ ನಿಯಮ ಕ್ರಮಕ್ಕೆ ಸಂಬಂಧಿಸಿದುದು. ಮೊದಲು ಝಡ್ ಮೇಲಕ್ಕೆ, ಆಮೇಲೆ ಎಕ್ಸ್ ಮತ್ತು ವೈ. ಮೂರನ್ನೂ ಒಂದೇ ಸಾಲಿನಲ್ಲಿ ಬರೆದರೆ ಕಟ್ಟರ್ ಓರೆಯಾಗಿ ಏಳುತ್ತದೆ. ದಾರಿಯಲ್ಲಿ ಕ್ಲಾಂಪು ಸಿಕ್ಕಿದರೆ ಬಡಿಯುತ್ತದೆ. ಬಹುಪಾಲು ಲಂಬ ಯಂತ್ರಗಳಲ್ಲಿ ಝಡ್ ಸೊನ್ನೆ ಎಂದರೆ ತೀರ ಮೇಲಿನ ಸ್ಥಾನ. ಆದರೆ ಅದು ಸ್ಪಿಂಡಲಿನ ಸ್ಥಾನವೇ ಹೊರತು ಕಟ್ಟರಿನ ತುದಿಯದಲ್ಲ. ಅತ್ಯಂತ ಉದ್ದನೆಯ ಕಟ್ಟರನ್ನು ತೊಡಿಸಿದಾಗಲೂ ಅತ್ಯಂತ ಎತ್ತರದ ಫಿಕ್ಸ್ಚರಿನ ಮೇಲೆ ಅದು ನಿರಾತಂಕವಾಗಿ ಹಾಯಬಲ್ಲುದೇ ಎಂದು ಅಳೆದು ನೋಡಬೇಕು.

ಇಲ್ಲಿ ಹೊಸಬರನ್ನು ಕಾಡುವ ಒಂದು ಮೋಸವಿದೆ. ಜಿ 28 ಎಂಬುದು ಯಂತ್ರವನ್ನು ಅದರ ಮೂಲಸ್ಥಾನಕ್ಕೆ ಕಳುಹಿಸುವ ಆಜ್ಞೆ. ಆದರೆ ಅದು ನೇರವಾಗಿ ಹೋಗುವುದಿಲ್ಲ. ನಾವು ಹೇಳಿದ ನಡುದಾರಿಯ ಬಿಂದುವೊಂದನ್ನು ಮುಟ್ಟಿ ಹೋಗುತ್ತದೆ. ಜಿ 90ರ ಸ್ಥಿತಿಯಲ್ಲಿ "ಜಿ 28 ಝಡ್ 0" ಎಂದು ಬರೆದರೆ, ಯಂತ್ರ ಮೊದಲು ಜಾಬಿನ ಸೊನ್ನೆಗೆ, ಎಂದರೆ ಸಾಮಾನ್ಯವಾಗಿ ಜಾಬಿನ ಮೇಲ್ಮೈಗೆ, ಪೂರ್ಣ ವೇಗದಲ್ಲಿ ಇಳಿಯುತ್ತದೆ! ಮೇಲಕ್ಕೆ ಹೋಗೆಂದವನಿಗೆ ಕೆಳಕ್ಕಿಳಿದ ಫಲ. "ಜಿ 91 ಜಿ 28 ಝಡ್ 0" ಎಂದರೆ ನಡುದಾರಿಯ ಬಿಂದು ಇದ್ದಲ್ಲೇ ಆಗುವುದರಿಂದ ಅದು ನೇರವಾಗಿ ಮೇಲೇರುತ್ತದೆ. ಆದರೆ ಮುಂದಿನ ಸಾಲಿನಲ್ಲಿ ಜಿ 90 ಮರಳಿ ಬರೆಯುವುದನ್ನು ಮರೆಯಬಾರದು.

ಇನ್ನು ನಿಲ್ಲುವ ಜಾಗ. ಎಕ್ಸ್ ಚಲನೆ 800, ವೈ ಚಲನೆ 500 ಮಿಲಿಮೀಟರ್ ಇರುವ, ಸೊನ್ನೆ ಒಂದು ತುದಿಯಲ್ಲಿರುವ ಯಂತ್ರವನ್ನು ಊಹಿಸಿಕೊಳ್ಳಿ. ಜಾಬು ಬದಲಿಸುವಾಗ ಎಕ್ಸ್ ಮೈನಸ್ 400ರಲ್ಲಿ, ಎಂದರೆ ನಡುವಿನಲ್ಲಿ, ಇರಲಿ. ವೈ ಮೈನಸ್ 10ರಲ್ಲಿರಲಿ. ಸೊನ್ನೆ ಆ ಕಡೆಗಿದ್ದರೆ ಆಗ ಮೇಜು ಆಪರೇಟರನ ಬಳಿಗೇ ಬಂದಿರುತ್ತದೆ. ಕಟ್ಟರಿನ ಕೆಳಗೆ ಕೈ ಚಾಚುವ ಪ್ರಮೇಯವೇ ಬಾರದು. ಆ 10 ಮಿಲಿಮೀಟರ್ ಎಲ್ಲೆಯನ್ನು ತಾಕದಿರಲೆಂದು ಉಳಿಸಿದ ಅಂತರ.

ದಿನದ ಕೆಲಸ ಮುಗಿದಾಗಿನ ನಿಲುಗಡೆ ಬೇರೆ. ಭಾರ ಒಂದೇ ತುದಿಗೆ ಬೀಳದಂತೆ ಮೇಜು ಎರಡು ದಿಕ್ಕಿನಲ್ಲಿಯೂ ನಡುಭಾಗದ ಹತ್ತಿರವಿರಬೇಕು. ಕೆಲವು ಹಳೆಯ ಯಂತ್ರಗಳು ಬೆಳಿಗ್ಗೆ ವಿದ್ಯುತ್ ಕೊಟ್ಟೊಡನೆ ತಮ್ಮ ಮೂಲಸ್ಥಾನವನ್ನು ಹುಡುಕಿಕೊಳ್ಳಬೇಕಾಗುತ್ತದೆ. ಅಲ್ಲಿನ ಸ್ವಿಚ್ಚಿನ ಮೇಲೆಯೇ ನಿಲ್ಲಿಸಿದ್ದರೆ ಅವಕ್ಕೆ ಹುಡುಕಲು ದಾರಿಯೇ ಇರುವುದಿಲ್ಲ. ವಿದ್ಯುತ್ ಹೋದಾಗ ಸ್ಪಿಂಡಲನ್ನು ಕೆಳಗಿಳಿಯದಂತೆ ಹಿಡಿಯುವುದು ಬ್ರೇಕು. ಅದೂ ಸವೆಯುವ ವಸ್ತುವೇ. ಆದುದರಿಂದ ಕಟ್ಟರನ್ನು ತೆಗೆದಿಟ್ಟು, ಸ್ಪಿಂಡಲಿನ ಕೆಳಗೆ ಮೇಜಿನ ಖಾಲಿ ಭಾಗ ಬರುವಂತೆ ನೋಡಿಕೊಳ್ಳುವುದು ಜಾಣತನ.

ಹೊಸ ನಿಲುಗಡೆಯನ್ನು ಗೊತ್ತುಮಾಡಿದ ಮೇಲೆ ಮೊದಲ ಬಾರಿ ಖಾಲಿ ಮೇಜಿನ ಮೇಲೆ, ವೇಗವನ್ನು ತೀರ ತಗ್ಗಿಸಿ, ಒಂದೊಂದೇ ಸಾಲನ್ನು ನಡೆಸಿ, ತಡೆಯುವ ಗುಂಡಿಯ ಮೇಲೆ ಬೆರಳಿಟ್ಟು ಪರೀಕ್ಷಿಸಬೇಕು. ಸರಿಯೆಂದು ಕಂಡ ಅಂಕಿಗಳನ್ನು ಯಂತ್ರದ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡಬೇಕು. ಪ್ರೋಗ್ರಾಮಿನ ಉಳಿದ ಸಾಲುಗಳು ಲೋಹಕ್ಕಾಗಿ ಬರೆದವು; ಈ ಕೊನೆಯ ಎರಡು ಮೂರು ಸಾಲುಗಳು ಮನುಷ್ಯನಿಗಾಗಿ ಬರೆದವು. ರಾತ್ರಿ ಪಾಳಿಗೆ ಬಂದವನಿಗೆ ಅವುಗಳನ್ನು ಬರೆದವರು ಯಾರೆಂದು ಗೊತ್ತಿರಬೇಕಾಗಿಲ್ಲ. ಬಾಗಿಲು ತೆರೆದಾಗ ಮೇಜು ಇರಬೇಕಾದಲ್ಲಿ ಇದ್ದರೆ ಸಾಕು.